ಹೆರಿಗೆ ಆಸ್ಪತ್ರೆಯ ಮಾಳಿಗೆ ಮೇಲೆ ಬಿಸಿಲು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಸುರಗೂರು ಅಂತ ಒಂದು ರಾಜ್ಯ. ಅದಕ್ಕೆ ಬಸವಂತ ಅಂತ ಒಬ್ಬ ರಾಜ. ಒಳ್ಳೆಯವನೇ. ಆದರೆ ಕೊನೆಗೆ ಯಾರು ಮಾತಾಡಿದರೋ ಅವರ ಮಾತೇ ಅವನಿಗೆ ಸರಿ.

ಆ ಊರಲ್ಲೊಂದು ಹೆರಿಗೆ ಆಸ್ಪತ್ರೆ. ಬಡವರ ಮನೆಯವರೂ ಅಲ್ಲಿಗೇ, ಸಾಹುಕಾರರ ಮನೆಯವರೂ ಅಲ್ಲಿಗೇ. ನೋಡಿಕೊಳ್ಳೋಳು ಡಾಕ್ಟರಮ್ಮ ತುಂಗಮ್ಮ. ಆಕೆ ಕೈಗೆ ಬಂದ ಕೂಸು ಅತ್ತೇ ಅಳುತ್ತೆ, ಉಳಿದೇ ಉಳಿಯುತ್ತೆ ಅಂತ ಊರೆಲ್ಲ ಹೇಳೋರು.

ಆಸ್ಪತ್ರೆಯ ದೀಪ ಉರಿಯುತ್ತಿದ್ದದ್ದು ಎಣ್ಣೆ ಇಂಜಿನ್ನಿನಿಂದ. ಎಣ್ಣೆ ಹಾಕುವ ಗುತ್ತಿಗೆ ಭುಜಂಗಯ್ಯನದು. ಇಂಜಿನ್ನು ಗುಡುಗೋದು, ಕೆಮ್ಮೋದು, ನಿಂತೇ ಹೋಗೋದು. ಒಂದು ಸಂಜೆ ಕೂಸಿನ ತಲೆ ಕಾಣಿಸೋ ಹೊತ್ತಿಗೇ ದೀಪ ಹೋಯ್ತು. ಕೊರಳಿಗೆ ಸುತ್ತಿಕೊಂಡ ಹೊಕ್ಕುಳಬಳ್ಳಿಯನ್ನು ತುಂಗಮ್ಮ ಕತ್ತಲಲ್ಲೇ ತಡವಿ ಬಿಡಿಸಿದಳು. ಕೂಸು ಉಳಿಯಿತು.

ಮಾರನೇ ದಿನ ರಾಜನ ಹತ್ತಿರ ಹೋದಳು. ಮಾಳಿಗೆ ಮೇಲೆ ಸೋಲಾರ್ ಹಲಗೆ ಹಾಕಿಸಿ, ಹಗಲಿನ ಬಿಸಿಲನ್ನು ಬ್ಯಾಟರಿಯಲ್ಲಿ ಕೂಡಿಟ್ಟು ದೀಪ ಉರಿಸೋಣ ಅಂತ ಕೇಳಿಕೊಂಡಳು. ರಾಜ ಆಗಲಿ ಅಂತ ತಲೆಯಾಡಿಸಿದ. ಪಕ್ಕದಲ್ಲಿದ್ದ ಭುಜಂಗಯ್ಯ, ಅಷ್ಟು ಭಾರಕ್ಕೆ ಮಾಳಿಗೆ ಕುಸಿದು ಬಾಣಂತಿಯರ ಮೇಲೆ ಬೀಳುತ್ತೆ ಅಂದ. ರಾಜ ಬೇಡ ಅಂದ.

ತುಂಗಮ್ಮ ವಾದ ಮಾಡಲಿಲ್ಲ. ಬಾಣಂತಿಯರನ್ನು ಹೊರಗೆ ಕೂರಿಸಿ, ಗರಡಿಮನೆಯ ಪೈಲ್ವಾನರನ್ನೆಲ್ಲ ಮಾಳಿಗೆಗೆ ಹತ್ತಿಸಿದಳು. ಅವರು ಕುಣಿದರು, ಬಸ್ಕಿ ಹೊಡೆದರು. ಕೆಳಗೆ ತಾನೊಬ್ಬಳೇ ನಿಂತಿದ್ದಳು. ಒಂದು ಚೂರು ಗಾರೆಯೂ ಉದುರಲಿಲ್ಲ.

ಎರಡನೇ ಸಲ ತುಂಗಮ್ಮ ರಾಜನನ್ನು ಕೇಳಿದಾಗ ಭುಜಂಗಯ್ಯ, ಆಷಾಢದ ಮೋಡ ಕವಿದರೆ ಕತ್ತಲೇ ಗತಿ ಅಂದ. ರಾಜ ಮತ್ತೆ ಹಿಂದೇಟು ಹಾಕಿದ. ಹಾಗಾದರೆ ಒಂದೇ ಒಂದು ಕೋಣೆಗೆ ಹಾಕಿಸಿ ನೋಡಿ ಅಂದಳು ತುಂಗಮ್ಮ. ಹಾಕಿಸಿದರು. ಆಷಾಢ ಬಂತು, ಮೋಡ ಕವಿಯಿತು. ಮೋಡದ ಸಂದಿಯಿಂದ ಬಿದ್ದ ಅಷ್ಟಿಷ್ಟು ಬೆಳಕೇ ಬ್ಯಾಟರಿಗೆ ಸಾಕಾಯ್ತು. ಆ ಕೋಣೆಯ ದೀಪ ಆರಲಿಲ್ಲ.

ಮೂರನೇ ಸಲ ಭುಜಂಗಯ್ಯ, ಹೊಸ ಬೆಳಕು ಎಳೆಗೂಸಿನ ಕಣ್ಣಿಗೆ ಕೇಡು, ಇಂಜಿನ್ನಿನ ದೀಪವೇ ಕ್ಷೇಮ ಅಂತ ಹಬ್ಬಿಸಿದ. ತಾಯಂದಿರು ಹೆದರಿದರು. ರಾಜನೂ ಹೆದರಿದ. ತುಂಗಮ್ಮನನ್ನೂ ಭುಜಂಗಯ್ಯನನ್ನೂ ಸಭೆಗೆ ಕರೆಸಿ, ಇದ್ದ ಹಲಗೆಯನ್ನೂ ಇಳಿಸಿಬಿಡಿ ಅನ್ನೋದಕ್ಕೆ ಬಾಯಿ ತೆಗೆದಿದ್ದ.

ಅಷ್ಟರಲ್ಲಿ ಆಸ್ಪತ್ರೆಯ ಆಯಾ ಓಡಿಬಂದಳು. ಭುಜಂಗಯ್ಯನ ಮಗಳು ಚಂಪಾಗೆ ನೋವು ಶುರುವಾಗಿತ್ತು, ಗಾಡಿಯಲ್ಲಿ ಕರೆತಂದಿದ್ದರು. ತುಂಗಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟವಳು, ಬಾಗಿಲಲ್ಲಿ ನಿಂತು ತಿರುಗಿದಳು.

"ಭುಜಂಗಯ್ಯನವರೇ, ಎರಡು ಕೋಣೆ ಖಾಲಿ ಇವೆ. ಒಂದಕ್ಕೆ ನಿಮ್ಮ ಇಂಜಿನ್ನಿನ ದೀಪ, ಇನ್ನೊಂದಕ್ಕೆ ಬಿಸಿಲಿನ ದೀಪ. ನಿಮ್ಮ ಮಗಳನ್ನು ಯಾವುದಕ್ಕೆ ಸೇರಿಸಲಿ?"

ಭುಜಂಗಯ್ಯ ರಾಜನ ಮುಖ ನೋಡಿದ. ಸಭೆಯ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ಬಿಸಿಲಿನ ಕೋಣೆಗೇ ಸೇರಿಸಿ ತಾಯೀ," ಅಂದ.

"ಯಾಕೆ?" ಅಂತ ರಾಜ ಕೇಳಿದ.

"ಎಣ್ಣೆಗೆ ನೀರು ಬೆರೆಸಿದ್ದೀನಿ ಸ್ವಾಮಿ. ಅದು ಯಾವಾಗ ನಿಲ್ಲುತ್ತೋ ನನಗೇ ಗೊತ್ತಿಲ್ಲ."

ಈ ಮಾತು ಕೇಳೋಕೆ ತುಂಗಮ್ಮ ಅಲ್ಲಿರಲಿಲ್ಲ. ಆಗಲೇ ಓಡಿದ್ದಳು. ಅವನು ಏನೇ ಹೇಳಿದ್ದರೂ ಆಕೆ ಚಂಪಾಳನ್ನು ಬೆಳಕು ಆರದ ಕೋಣೆಗೇ ಸೇರಿಸುತ್ತಿದ್ದಳು. ಅಂಥ ಹೆಂಗಸು ಆಕೆ.

ಸಂಜೆಯ ಹೊತ್ತಿಗೆ ಚಂಪಾಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಭುಜಂಗಯ್ಯನ ಗುತ್ತಿಗೆ ಹೋಯ್ತು. ಉಳಿದ ಹಲಗೆಗಳನ್ನೆಲ್ಲ ಅವನೇ ಹೆಗಲ ಮೇಲೆ ಹೊತ್ತು ಮಾಳಿಗೆಗೆ ಏರಿಸಬೇಕು ಅಂತ ರಾಜ ಅಪ್ಪಣೆ ಕೊಟ್ಟ. ಅವತ್ತು ಮಾತ್ರ ಯಾರನ್ನೂ ಕೇಳಲಿಲ್ಲ.

ನೆನಪಿರಲಿ ಮಕ್ಕಳೇ: ನಮ್ಮ ಮನೆಯವರಿಗೆ ಬೇಡ ಅನ್ನಿಸಿದ್ದನ್ನು ಊರವರ ತಲೆಗೆ ಕಟ್ಟಬಾರದು.