ಮತ್ತೆ ಮತ್ತೆ ಕೇಳಿದ ಸೂಲಗಿತ್ತಿ

“ಒಂದೇ ಮಾತನ್ನು ಒಬ್ಬನಿಗೆ ಎಷ್ಟು ಸಲ ಹೇಳಬೇಕು, ಬುದ್ಧೀ?” ಎಂದು ಗುರುಶಾಂತ ಕೇಳಿದ.

ಮಠಕ್ಕೆ ಹೊಸದಾಗಿ ಬಂದವರಿಗೆ ಪಾಠ ಹೇಳುವುದು ಅವನ ಕೆಲಸ. ಚೌಡಯ್ಯನೆಂಬ ಹೊಸಬ ಕೇಳಿದ್ದನ್ನೇ ಕೇಳಿ ಅವನ ತಾಳ್ಮೆಯನ್ನು ಮುಗಿಸಿದ್ದ. ಚೌಡಯ್ಯನನ್ನು ಊರಿಗೆ ಕಳಿಸಿಬಿಡಲು ಅಪ್ಪಣೆ ಬೇಕೆಂದು ಗುರುಶಾಂತ ಬಂದು ನಿಂತಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಉತ್ತರದ ಹಿಮದ ಸೀಮೆಯಲ್ಲಿ ಒಬ್ಬ ಮಾರ್ಗದರ್ಶಿ ಇದ್ದ. ಪರ್ವತ ಹತ್ತಬೇಕೆಂದು ಬಂದವರನ್ನು ಹತ್ತಿಸಿ, ಇಳಿಸಿ ತರುವುದು ಅವನ ಕಸುಬು. ಶಿಖರದ ಬುಡಕ್ಕೆ ಹೋಗಬೇಕಾದರೆ ಕಡೆಯ ಹಳ್ಳಿಯಿಂದ ಆರು ದಿನ ನಡೆಯಬೇಕು. ಅಲ್ಲಿ ಕೂಗಿದರೆ ಓ ಎನ್ನುವವರಿಲ್ಲ. ಉಸಿರಾಡಲು ಗಾಳಿಯೂ ಸಾಲದು.

ಒಂದು ವರ್ಷ ಅವನ ಬಳಿಗೆ ಇಬ್ಬರು ಬಂದರು. ಒಬ್ಬ ವ್ಯಾಪಾರಿ, ಒಬ್ಬಳು ಸೂಲಗಿತ್ತಿ. ಅವಳಿಗೆ ಐವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಈ ಆಸೆ ಹೇಗೆ ಹುಟ್ಟಿತೋ, ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಕಾಲು ಗಟ್ಟಿಯಿತ್ತು. ಬರಲಿ ಎಂದ.

ಹೊರಡುವ ಮೊದಲು ಹಳ್ಳಿಯಲ್ಲಿ ಹತ್ತು ದಿನ ಸಿದ್ಧತೆ ನಡೆಯಿತು. ಎಲ್ಲೆಲ್ಲಿ ಗುಡಾರ ಹಾಕಬೇಕು, ಎಲ್ಲಿ ಆಹಾರ ಹೂತಿಡಬೇಕು, ಯಾವ ಹೊತ್ತಿಗೆ ಹಿಂದಕ್ಕೆ ತಿರುಗಬೇಕು, ಎಲ್ಲವನ್ನೂ ಮಾರ್ಗದರ್ಶಿ ವಿವರಿಸಿದ. ವ್ಯಾಪಾರಿ ಎಲ್ಲಕ್ಕೂ ತಲೆಯಾಡಿಸಿದ. “ನೀವಿದ್ದೀರಲ್ಲ, ನಮಗೇನು ಚಿಂತೆ?” ಎಂದ. ಮಾರ್ಗದರ್ಶಿಗೆ ಅವನು ಬಹಳ ಹಿಡಿಸಿದ.

ಸೂಲಗಿತ್ತಿ ಮಾತ್ರ ಪ್ರಾಣ ಹಿಂಡಿದಳು. ಹಗ್ಗದ ಗಂಟನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದಳು. ದಾರಿಯ ಗುರುತಿಗೆ ನೆಟ್ಟ ಕೋಲುಗಳು ಹಿಮದಲ್ಲಿ ಮುಚ್ಚಿಹೋದರೆ ಏನು ಮಾಡುವುದೆಂದು ಕೇಳಿದಳು. ಅವನು ಹೇಳಿದ. ಮರುದಿನ ಅದನ್ನೇ ಕೇಳಿದಳು. ಅವನು ಊಟಕ್ಕೆ ಕೂತಾಗ ಎದುರಿಗೆ ಬಂದು ಕೂತು ಕೇಳಿದಳು. ಉತ್ತರವನ್ನು ತಾನೇ ಒಪ್ಪಿಸುವಳು, ನಡುವೆ ತಪ್ಪುವಳು, ಮತ್ತೆ ಮೊದಲಿಂದ ಶುರು. ಅವಳು ಬರುವುದು ಕಂಡರೆ ಅವನು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗತೊಡಗಿದ.

ಒಂಬತ್ತನೆಯ ದಿನ ಅವಳು ಕೇಳಿದಳು: “ಅಪ್ಪಾ, ಮೇಲೆ ನಿನಗೇ ಏನಾದರೂ ಆದರೆ?”

“ಹದಿನೇಳು ಸಲ ಹತ್ತಿದ್ದೇನೆ. ನನಗೇನೂ ಆಗುವುದಿಲ್ಲ.”

“ಅದನ್ನು ಕೇಳಲಿಲ್ಲ. ಹಾಗೇನಾದರೂ ಆದರೆ ನಾವು ಹೇಗೆ ಇಳಿಯಬೇಕು, ಅದನ್ನು ಹೇಳು.”

“ನಿಮಗೆ ದಣಿವೇ ಇಲ್ಲವೇ, ಅಮ್ಮ?”

“ಹೆರಿಗೆ ಶುರುವಾದ ಮೇಲೆ ಕೇಳಲು ಹೊತ್ತಿರುವುದಿಲ್ಲಪ್ಪ.”

ಅವಳ ಬಾಯಿ ಮುಚ್ಚಿದರೆ ಸಾಕೆಂದು ಅವನು ಇಳಿಯುವ ದಾರಿಯನ್ನೆಲ್ಲ ಹೇಳಿದ. ಮೇಲಿನ ಗುಡಾರದಿಂದ ಬೆಟ್ಟದ ಬೆನ್ನಿನಂತಿರುವ ಏಣಿನ ಮೇಲೆಯೇ ನಡೆಯಬೇಕು. ಕರಿಬಂಡೆ ಸಿಕ್ಕಿದಲ್ಲಿ ಎಡಕ್ಕೆ ತಿರುಗಬೇಕು. ಬಲಗಡೆಯ ಇಳಿಜಾರು ಸಲೀಸಾಗಿ ಕಾಣುತ್ತದೆ, ಆದರೆ ಅದರ ಕೊನೆಯಲ್ಲಿ ನೆಲವಿಲ್ಲ. ಹೆಪ್ಪುಗಟ್ಟಿದ ಹೊಳೆ ಸಿಕ್ಕಿದ ಮೇಲೆ ಅದನ್ನು ಬಲಗೈಗೆ ಇಟ್ಟುಕೊಂಡು ಇಳಿಯಬೇಕು. ಅವಳು ಆರು ಸಲ ಹೇಳಿಸಿಕೊಂಡಳು. ಬುಡದ ಗುಡಾರದಲ್ಲಿ ಏನಾದರೂ ನೆಪ ಹೇಳಿ ಇವಳನ್ನು ಬಿಟ್ಟು ಹೋಗಬೇಕೆಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ.

ಬುಡದಲ್ಲಿ ನೆಪ ಸಿಗಲಿಲ್ಲ. ಅವಳು ನಿಧಾನವಾಗಿ ನಡೆದಳು, ಆದರೆ ಎಲ್ಲೂ ನಿಲ್ಲಲಿಲ್ಲ. ಹನ್ನೆರಡನೆಯ ದಿನ ಮೂವರೂ ಮೇಲಿನ ಗುಡಾರ ತಲುಪಿದರು. ಮರುದಿನ ಶಿಖರ.

ಶಿಖರಕ್ಕೆ ಹೋಗುವಾಗ ಗಾಳಿಗೆ ವ್ಯಾಪಾರಿಯ ಕಪ್ಪು ಕನ್ನಡಕ ಹಾರಿಹೋಯಿತು. ಅದಕ್ಕೆ ದಾರ ಕಟ್ಟಿಕೊಳ್ಳಿ ಎಂದು ಹಳ್ಳಿಯಲ್ಲೇ ಹೇಳಿದ್ದಾಗಿತ್ತು. ವ್ಯಾಪಾರಿ ಆಗಲೂ ತಲೆಯಾಡಿಸಿದ್ದ. ನಂಬಿ ಬಂದವನ ಕಣ್ಣು ಹೋಗಬಾರದೆಂದು ಮಾರ್ಗದರ್ಶಿ ತನ್ನ ಕನ್ನಡಕವನ್ನು ಅವನಿಗೆ ಕೊಟ್ಟ. ಹಿಮದ ಮೇಲೆ ಬಿದ್ದ ಬಿಸಿಲು ಇಡೀ ದಿನ ಮಾರ್ಗದರ್ಶಿಯ ಕಣ್ಣಿಗೆ ಹೊಡೆಯಿತು.

ಶಿಖರ ಮುಟ್ಟಿ ಗುಡಾರಕ್ಕೆ ಮರಳಿದರು. ಬೆಳಗ್ಗೆ ಎದ್ದಾಗ ಮಾರ್ಗದರ್ಶಿಗೆ ರೆಪ್ಪೆ ತೆರೆಯಲಾಗಲಿಲ್ಲ. ಕಣ್ಣೊಳಗೆ ಸುಡುವ ಮರಳು ಸುರಿದಂತಿತ್ತು. ಹೊರಗೆ ಮೋಡ ಕವಿಯುತ್ತಿತ್ತು. ಕಣ್ಣು ವಾಸಿಯಾಗಲೆಂದು ಕಾದರೆ ಮೂವರೂ ಅಲ್ಲೇ ಮುಗಿಯುತ್ತಿದ್ದರು.

ಅವನು ವ್ಯಾಪಾರಿಯನ್ನು ಕರೆದು, ಬಂದ ದಾರಿ ನೆನಪಿದೆಯೇ ಎಂದು ಕೇಳಿದ.

“ನೀವು ಮುಂದಿದ್ದಿರಿ. ನಾನು ನಿಮ್ಮ ಬೆನ್ನು ನೋಡಿಕೊಂಡು ಬಂದೆ,” ಎಂದು ವ್ಯಾಪಾರಿ ಅಳತೊಡಗಿದ.

ಸೂಲಗಿತ್ತಿ ಹಗ್ಗ ತಂದು ಮೂವರ ಸೊಂಟಕ್ಕೂ ಗಂಟು ಹಾಕಿದಳು. ಮಾರ್ಗದರ್ಶಿ ಬೆರಳಿನಿಂದ ಮುಟ್ಟಿ ನೋಡಿದ. ಗಂಟು ಸರಿಯಾಗಿತ್ತು.

ಎರಡು ದಿನ ಇಳಿದರು. ಗುರುತಿನ ಕೋಲು ಒಂದೂ ಕಾಣಲಿಲ್ಲ. ಅವಳು ಮುಂದೆ ನಡೆಯುತ್ತ, “ಎಡಗಾಲು ಇಡಪ್ಪ. ಇನ್ನು ಸ್ವಲ್ಪ. ಈಗ ಉಸಿರು ಬಿಡು,” ಎಂದು ಹೇಳಿಕೊಡುತ್ತಿದ್ದಳು. ಒಂದೆಡೆ ನಿಂತು, “ಕರಿಬಂಡೆ ಸಿಕ್ಕಿತು. ಎಡಕ್ಕೋ, ಬಲಕ್ಕೋ?” ಎಂದು ಕೇಳಿದಳು.

ಅವನು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡ. “ಎಡಕ್ಕೆ, ಅಮ್ಮ. ಅಷ್ಟು ಸಲ ಹೇಳಿದ್ದೆನಲ್ಲ.”

“ನನಗೆ ಗೊತ್ತು. ನೀನು ಸುಮ್ಮನಾಗಿ ತುಂಬ ಹೊತ್ತಾಯಿತು. ಎಚ್ಚರವಾಗಿದ್ದೀಯೋ ಇಲ್ಲವೋ ಎಂದು ಕೇಳಿದೆ.”

ಬುಡದ ಗುಡಾರ ಸೇರಿದ ಮರುದಿನ ಅವನ ಕಣ್ಣು ತೆರೆಯಿತು. ಹೊರಗೆ ಬಂದು ನೋಡಿದ. ಮರಳುವಾಗ ಸಾಮಾನು ಹೊರಿಸಲು ಹಳ್ಳಿಯಿಂದ ಪ್ರಾಣಿಗಳನ್ನು ತಂದಿದ್ದ ಒಬ್ಬನ ಮುಂದೆ ಅವಳು ಕೂತಿದ್ದಳು. ಅವಳು ಏನೋ ಕೇಳುತ್ತಿದ್ದಳು, ಅವನು ಹಣೆ ಚಚ್ಚಿಕೊಳ್ಳುತ್ತಿದ್ದ. ಮಾರ್ಗದರ್ಶಿ ಹೋಗಿ ಅವನ ಪಕ್ಕದಲ್ಲಿ ಕೂತು, ಅವಳು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಗುರುಶಾಂತನ ಮುಖದಲ್ಲಿದ್ದ ಸಿಡುಕು ಇಳಿದಿತ್ತು.

“ಈ ಕತೆಯನ್ನು ಮೊದಲೇ ಹೇಳಿದ್ದರೆ ನಾನು ಚೌಡಯ್ಯನ ಮೇಲೆ ರೇಗುತ್ತಲೇ ಇರಲಿಲ್ಲ, ಬುದ್ಧೀ,” ಎಂದ.

“ನಿನಗೆ ಇದನ್ನು ಹೇಳುತ್ತಿರುವುದು ಮೂರನೆಯ ಸಲ, ಗುರುಶಾಂತ,” ಎಂದರು ಗುರುಗಳು.