ನಲವತ್ತೊಂದು ದಿನದ ಬಾಯಿ

ಸೀತಾಪತಿ ಪಂಚಾಂಗ ನೋಡದೆ ಸೀನುವುದೂ ಇಲ್ಲ ಅಂತ ಆಶ್ರಮಕ್ಕೆ ಬಂದುಹೋಗುವವರು ತಮಾಷೆ ಮಾಡುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾವ ತಿಥಿಗೆ ಏನು ತಿನ್ನಬಾರದು, ಯಾವ ವಾರ ಯಾವ ದಿಕ್ಕಿಗೆ ಹೊರಡಬಾರದು, ಎಲ್ಲವೂ ಅವನಿಗೆ ಬಾಯಿಪಾಠ.

ಅವನ ಗುರುಗಳು ನಿಜಬೋಧರು, ಎಪ್ಪತ್ತು ದಾಟಿದವರು. ಹೊಳೆಯ ದಂಡೆಯ ಮೇಲೆ ನಾಲ್ಕು ಕೋಣೆ, ಒಂದು ಗುಡಿ, ಒಂದು ಹಸು. ಅಷ್ಟೇ ಅವರ ಆಶ್ರಮ.

ಮೂರು ವರ್ಷ ಸೇವೆ ಮಾಡಿದ ಮೇಲೆ ಸೀತಾಪತಿ ಧೈರ್ಯ ಮಾಡಿ ಕೇಳಿದ.

"ಸ್ವಾಮಿ, ನನಗೆ ಮಂತ್ರದೀಕ್ಷೆ ಯಾವಾಗ?"

"ವೈಶಾಖದ ಹುಣ್ಣಿಮೆಗೆ ಕೊಡೋಣ," ಅಂದರು ಗುರುಗಳು.

ಮೂವತ್ತೆರಡರ ಗಂಡಸಿಗೆ ಕಣ್ಣು ತುಂಬಿಬಂತು. ತಾಲ್ಲೂಕು ಕಚೇರಿಯ ಕೆಲಸ ಬಿಟ್ಟು, ಮನೆಯವರ ಕೈಲಿ ಬೈಸಿಕೊಂಡು ಅವನು ಇಲ್ಲಿಗೆ ಬಂದದ್ದು ಇದೊಂದಕ್ಕೇ.

"ಹಾಗಾದರೆ ನಲವತ್ತೆಂಟು ದಿನ ಉಪವಾಸ ಮಾಡಿ ಶುದ್ಧನಾಗಿ ಬರ್ತೀನಿ ಸ್ವಾಮಿ."

"ನಾನು ಕೇಳಿದೆನಾ?"

"ಇಲ್ಲ, ನಾನೇ ಸಂಕಲ್ಪ ಮಾಡಿದ್ದೀನಿ. ಅದು ಮುಗಿದರೇನೇ ನಾನು ದೀಕ್ಷೆಗೆ ಯೋಗ್ಯ."

"ಹೊಟ್ಟೆ ನಿನ್ನದು," ಅಂದು ಗುರುಗಳು ಹಸುವಿಗೆ ಹುಲ್ಲು ಹಾಕಲು ಹೋದರು.

ವ್ರತ ಶುರುವಾಯಿತು. ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಒಂದು ಹನಿ ನೀರೂ ಇಲ್ಲ. ಮುಳುಗಿದ ಮೇಲೆ ಅವಲಕ್ಕಿ, ಬೆಲ್ಲ, ನಾಲ್ಕು ಬಾಳೆಹಣ್ಣು. ಅದನ್ನು ತಿಂದ ಜಾಗದಲ್ಲೇ ಜಪಕ್ಕೆ ಕೂತರೆ, ಕೂತಲ್ಲೇ ನಿದ್ದೆ.

ಉಪವಾಸದ ದಿನ ಹಲ್ಲಿಗೆ ಕಡ್ಡಿ ಮುಟ್ಟಿಸಬಾರದು ಅನ್ನುವುದು ಅವನ ಮನೆತನದ ನಿಯಮ. ಅವನ ಅಜ್ಜಿ ಏಕಾದಶಿಯ ದಿನ ಬೇವಿನ ಕಡ್ಡಿ ಬಿಟ್ಟು, ಹನ್ನೆರಡು ಸಲ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಳು. ಅಜ್ಜಿಯದು ಒಂದು ದಿನದ ಉಪವಾಸ. ಇವನದು ನಲವತ್ತೆಂಟು ದಿನದ್ದು. ಅದೂ ಸಾಲದು ಅಂತ, ಮುಕ್ಕಳಿಸುವಾಗ ಒಂದು ಹನಿ ಗಂಟಲಿಗೆ ಇಳಿದುಬಿಟ್ಟರೆ ಏನು ಗತಿ ಅಂತ ಹೆದರಿ, ಈ ಮಹಾನುಭಾವ ಮುಕ್ಕಳಿಸುವುದನ್ನೂ ಬಿಟ್ಟ.

ಇಪ್ಪತ್ತನೆಯ ದಿನ ಗುರುಗಳು ಪಾಠದ ನಡುವೆ ಮೂಗು ಮುಚ್ಚಿಕೊಂಡರು.

"ಸೀತಾಪತಿ, ಅಟ್ಟದ ಮೇಲೆ ಇಲಿ ಸತ್ತಿರಬೇಕು. ನೋಡಪ್ಪಾ."

ಸೀತಾಪತಿ ಅಟ್ಟ ಹತ್ತಿದ. ಗೋಣಿಚೀಲ ಕೊಡವಿದ, ಹಳೆಯ ಚಾಪೆ ಬಿಚ್ಚಿದ, ಮೈಯೆಲ್ಲ ಧೂಳು ಮಾಡಿಕೊಂಡು ಇಳಿದು ಬಂದ.

"ಏನೂ ಇಲ್ಲ ಸ್ವಾಮಿ."

"ನೀನು ಮೇಲಿದ್ದಾಗ ಇಲ್ಲಿ ವಾಸನೆ ಇರಲಿಲ್ಲ. ಈಗ ಮತ್ತೆ ಬಂತು."

ಸೀತಾಪತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮುಖ ಕೆಂಪಗಾಯಿತು.

"ಉಪವಾಸ ಮಾಡುವವರ ಬಾಯಿ ಹಾಗೇ ಇರುತ್ತೆ ಸ್ವಾಮಿ. ಅದು ತಪಸ್ಸಿನ ಗುರುತು."

"ಓಹೋ! ಹಾಗಾದರೆ ನಮ್ಮ ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿ ದೊಡ್ಡ ಋಷಿ."

"ನಗಬೇಡಿ ಸ್ವಾಮಿ. ನಿಯಮ ನಿಯಮವೇ."

"ಹನ್ನೆರಡು ಸಲ ಮುಕ್ಕಳಿಸು ಅನ್ನೋದು ನಿಯಮ ಅಲ್ವೇನಯ್ಯಾ?"

"ಒಂದು ಹನಿ ಒಳಗೆ ಹೋದರೆ ವ್ರತಭಂಗ."

ಗುರುಗಳು ಅವನ ಮುಖವನ್ನೇ ನೋಡುತ್ತಿದ್ದರು. ಕೆಳಗಿನ ತುಟಿಯ ಒಳಗೆ ವಸಡು ಊದಿ ನೇರಳೆಯ ಬಣ್ಣಕ್ಕೆ ತಿರುಗಿತ್ತು.

"ನೀರಿನ ಹನಿಗೆ ಕೆಡುತ್ತೆ ನಿನ್ನ ವ್ರತ. ಹಗಲೆಲ್ಲ ಕೀವು ನುಂಗ್ತಾ ಇದ್ದೀಯಲ್ಲ, ಅದಕ್ಕೆ ಕೆಡಲ್ವಾ?"

ಸೀತಾಪತಿ ತಲೆ ತಗ್ಗಿಸಿದ. ಆದರೂ ಬಿಡುವ ಮನಸ್ಸಿರಲಿಲ್ಲ.

"ವ್ರತ ನಿಲ್ಲಿಸು ಅಂತ ತಾವು ಅಪ್ಪಣೆ ಮಾಡಿದರೆ ನಿಲ್ಲಿಸ್ತೀನಿ ಸ್ವಾಮಿ," ಅಂದ. ಒಳಗೊಳಗೇ, ದೇವರೇ, ಮಾಡದಿರಲಿ ಅಂತ ಬೇಡಿಕೊಳ್ಳುತ್ತಿದ್ದ.

"ನಾನು ಬಿಡಿಸಿದರೆ ಕಡ್ಡಿ ಹಿಡೀತೀಯ. ಹಟ ಬಿಡಲ್ಲ," ಅಂದರು ಗುರುಗಳು. ಪಾಠ ಮುಂದುವರಿಯಿತು.

ಮೂವತ್ತು ದಿನ ಕಳೆಯಿತು. ಬೆಲ್ಲ ಕಚ್ಚಿದರೆ ಬಲಗಡೆಯ ದವಡೆಯಲ್ಲಿ ಜೀವ ಹೋದಂತಾಗುತ್ತಿತ್ತು. ಸೀತಾಪತಿ ಎಡಗಡೆ ಅಗಿಯತೊಡಗಿದ. ಆಮೇಲೆ ಎಡಗಡೆಯೂ ನೋಯಲು ಹಿಡಿಯಿತು. ಅವಲಕ್ಕಿಯನ್ನು ನೆನೆಸಿ ನುಂಗಿದ. ದಿನ ಎಣಿಸಿದ. ಮೈ ಬಿಸಿಯಾಗಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಉಪವಾಸದ ನಿಶ್ಶಕ್ತಿ ಅಂತ ತನಗೆ ತಾನೇ ಹೇಳಿಕೊಂಡ. ಹಲ್ಲಿಗೂ ಏದುಸಿರಿಗೂ ಎಲ್ಲಿಂದೆಲ್ಲಿಯ ಸಂಬಂಧ?

ನಲವತ್ತೊಂದನೆಯ ದಿನ ಬೆಳಗಿನ ಪೂಜೆಯಲ್ಲಿ ಶಂಖ ಊದಿದ. ಊದಿ ಕೆಳಗಿಟ್ಟ.

ಬಿಳಿಯ ಶಂಖದ ಬಾಯಿಯ ಸುತ್ತ ರಕ್ತ ಹತ್ತಿತ್ತು.

ಗುರುಗಳು ಶಂಖವನ್ನು ತಾವೇ ಎತ್ತಿಕೊಂಡು ಹೊಳೆಗೆ ಇಳಿದು, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದರು. ಅದನ್ನು ನೋಡುತ್ತಾ ನಿಂತ ಸೀತಾಪತಿಗೆ ನಾಚಿಕೆಯಿಂದ ಸಾಯುವಂತಾಯಿತು. ಗುರುಗಳ ಕೈಯಿಂದ ಇಸಿದುಕೊಳ್ಳಲು ಕಾಲೂ ಏಳಲಿಲ್ಲ. ಗುಡಿಯ ಜಗುಲಿಯ ಮೇಲೆ ಕುಸಿದು ಕೂತ.

ಅಷ್ಟರಲ್ಲಿ ಅಂಬಿಗರ ದ್ಯಾಮಣ್ಣ ದೋಣಿ ಕಟ್ಟಿ ಮೇಲೆ ಬಂದ. ಸೀತಾಪತಿಯ ಮುಖ ನೋಡಿದವನೇ ಗಾಬರಿಯಾದ.

"ಅಯ್ಯೋ ಶಿವನೇ! ಏನ್ರೀ ಇದು, ಮುಖ ಕುಂಬಳಕಾಯಿ ಆಗೈತೆ?"

ಬಲಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಬಾವು ಕುತ್ತಿಗೆಯ ಕಡೆಗೆ ಇಳಿದಿತ್ತು.

"ಸ್ವಾಮೇರಾ, ನನ್ನ ಷಡ್ಡಕನಿಗೆ ಹಿಂಗೇ ಆಗಿತ್ತು. ಹಲ್ಲುನೋವು ತಾನೇ ಅಂತ ಸುಮ್ಕಿದ್ದ. ಬಾವು ಗಂಟಲಿಗೆ ಇಳೀತು. ಉಸಿರು ಕಟ್ಟಿ ಹೋಗೇಬಿಟ್ಟ. ಈಗಿಂದೀಗಲೇ ಆಚೆ ದಡಕ್ಕೆ ಕರ್ಕೊಂಡು ಹೋಗ್ಬೇಕು. ಹಲ್ಲಿನ ಆಸ್ಪತ್ರೆ ಐತೆ."

"ಬರಲ್ಲ," ಅಂದ ಸೀತಾಪತಿ. ಬಾಯಿ ಪೂರಾ ತೆರೆಯಲು ಆಗುತ್ತಿರಲಿಲ್ಲ. "ಇನ್ನು ಏಳೇ ದಿನ. ಅಲ್ಲಿ ಹೋದರೆ ಹಗಲಲ್ಲೇ ನೀರು ಕುಡಿಸ್ತಾರೆ, ಮಾತ್ರೆ ನುಂಗಿಸ್ತಾರೆ. ವ್ರತ ಹೋದರೆ ದೀಕ್ಷೆಯೂ ಹೋಯಿತು. ಸತ್ತರೆ ವ್ರತದಲ್ಲೇ ಸಾಯ್ತೀನಿ."

ದ್ಯಾಮಣ್ಣ ಗುರುಗಳ ಕಡೆ ನೋಡಿದ. "ನೀವಾದ್ರೂ ಹೇಳಿ ಸ್ವಾಮೇರಾ."

ನಿಜಬೋಧರು ತೊಳೆದ ಶಂಖವನ್ನು ಗುಡಿಯಲ್ಲಿಟ್ಟರು. ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡರು. ಒಂದೊಂದೇ ಮೆಟ್ಟಿಲು ಇಳಿದು ದೋಣಿಯಲ್ಲಿ ಹೋಗಿ ಕೂತರು.

ದ್ಯಾಮಣ್ಣನ ಕೈಲಿದ್ದ ಹುಟ್ಟು ಜಾರಿತು.

ಯಾಕೆಂದರೆ ನಿಜಬೋಧರದು ಕ್ಷೇತ್ರಸಂನ್ಯಾಸ. ಜೀವ ಇರುವ ತನಕ ಈ ದಂಡೆ ಬಿಟ್ಟು ಕದಲುವುದಿಲ್ಲ ಅಂತ ಇಪ್ಪತ್ತೆರಡು ವರ್ಷದ ಹಿಂದೆ ಇದೇ ನೀರಿನಲ್ಲಿ ನಿಂತು ಸಂಕಲ್ಪ ಮಾಡಿದ್ದರು. ಅಂದಿನಿಂದ ದೋಣಿಯ ಅಂಚನ್ನೂ ಮುಟ್ಟಿದವರಲ್ಲ. ಜನ ದೂರದೂರದಿಂದ ಬಂದು ಕಾಲಿಗೆ ಬೀಳುತ್ತಿದ್ದುದು ಆ ನಿಷ್ಠೆಗೆ.

ಸೀತಾಪತಿ ಎದ್ದು ತೂರಾಡುತ್ತಾ ಓಡಿದ.

"ಸ್ವಾಮಿ! ಬೇಡ ಸ್ವಾಮಿ! ಇಳಿಯಿರಿ! ತಮ್ಮ ವ್ರತ!"

"ನೀನು ಹೋಗೋದಿಲ್ಲ ಅಂದೆಯಲ್ಲ. ಜೊತೆಗೆ ಬರ್ತಾ ಇದ್ದೀನಿ."

"ನಾನು ಹೋಗ್ತೀನಿ! ಒಬ್ಬನೇ ಹೋಗ್ತೀನಿ! ತಾವು ಇಳಿಯಿರಿ!"

"ಕೂತ ಮೇಲೆ ಮುಗೀತು. ಬಾ, ನಿಂತರೆ ದೋಣಿ ಓಲಾಡುತ್ತೆ."

ಸೀತಾಪತಿ ಅಳುತ್ತಲೇ ದೋಣಿ ಹತ್ತಿದ. ಹೊಳೆಯ ನಡುವೆ ಗುರುಗಳು ಬೊಗಸೆಯಲ್ಲಿ ನೀರೆತ್ತಿ ಅವನ ಹಣೆಗೆ ತಟ್ಟಿದರು. ಹಣೆ ಸುಡುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ನಫೀಸಾ ಖಡಕ್ ಹೆಂಗಸು. ದೀಪ ಹಿಡಿದು ಬಾಯೊಳಗೆ ನೋಡಿದಳು.

"ಹಲ್ಲುಜ್ಜಿ ಎಷ್ಟು ದಿನ ಆಯ್ತು?"

"ನಲವತ್ತೊಂದು."

"ನಾಲ್ಕೋ, ಒಂದೋ? ಸರಿಯಾಗಿ ಹೇಳಿ."

"ನಲವತ್ತೊಂದು," ಅಂದರು ಗುರುಗಳು ಪಕ್ಕದಿಂದ.

"ನೀವು ಯಾರು?"

"ಇವನ ಗುರು."

"ಗುರುವಾಗಿ ಏನು ಮಾಡ್ತಾ ಇದ್ರಿ ಅಷ್ಟು ದಿನ?"

ಸೀತಾಪತಿಗೆ ಕೋಪ ನೆತ್ತಿಗೇರಿತು. ಈ ಮಾತನ್ನು ತನ್ನ ಗುರುವಿಗೆ ಅಂದವರನ್ನು ಅವನು ಇದುವರೆಗೆ ಕಂಡಿರಲಿಲ್ಲ. ಗುರುಗಳು ಮಾತ್ರ ಕೈಮುಗಿದರು.

"ತಾನೇ ತಿಳ್ಕೊಳ್ಲಿ ಅಂತ ಬಿಟ್ಟೆ ತಾಯಿ. ಹೆಚ್ಚು ಬಿಟ್ಟೆ. ತಪ್ಪು ನನ್ನದೂ ಇದೆ."

ಡಾಕ್ಟರಮ್ಮನ ದನಿ ಸ್ವಲ್ಪ ಮೆತ್ತಗಾಯಿತು.

"ನೋಡಿ, ಬಾಯಿ ಬೇರೆ, ಮೈ ಬೇರೆ ಅಂದ್ಕೊಂಡಿದ್ದೀರಿ. ಹಲ್ಲಿನ ಸಂದಿಯಲ್ಲಿ ಬೆಲ್ಲ ಕೊಳೀತು, ವಸಡು ಕೀವಾಯ್ತು. ಆ ಕೀವಿನ ವಿಷ ರಕ್ತಕ್ಕೆ ಸೇರಿದೆ. ರಕ್ತ ಬಾಯಲ್ಲೇ ನಿಲ್ಲುತ್ತಾ? ಮೈಯೆಲ್ಲ ಸುತ್ತುತ್ತೆ. ಅದಕ್ಕೇ ಈ ಜ್ವರ, ಅದಕ್ಕೇ ಏದುಸಿರು. ಹೀಗೇ ಬಿಟ್ಟರೆ ಹೃದಯಕ್ಕೇ ಹೋಗಿ ಕೂರಬಹುದು. ಸಕ್ಕರೆ ಕಾಯಿಲೆ ಇದ್ದವರಾಗಿದ್ದರೆ ಇಷ್ಟು ದಿನವೂ ತಡೀತಿರಲಿಲ್ಲ."

"ಬದುಕ್ತಾನಾ?"

"ಇವತ್ತು ಬಂದದ್ದಕ್ಕೆ ಬದುಕ್ತಾರೆ. ನಾಡಿದ್ದು ಬಂದಿದ್ದರೆ ಹೇಳೋದು ಕಷ್ಟ ಇತ್ತು."

ಕೀವು ತೆಗೆದರು. ಎರಡು ದವಡೆಹಲ್ಲು ಕಿತ್ತರು. ಸೂಜಿ, ಗ್ಲೂಕೋಸು, ಮಾತ್ರೆ. ಸೀತಾಪತಿಯ ವ್ರತ ಮೊದಲ ಲೋಟ ನೀರಿನಲ್ಲೇ ಮುಗಿದುಹೋಯಿತು. ಅವನು ಆ ನೀರನ್ನು ಗಟಗಟ ಕುಡಿದ, ಕುಡಿದು ಗೋಡೆಯ ಕಡೆ ತಿರುಗಿ ಮಲಗಿದ.

ನಾಲ್ಕು ದಿನ ಗುರುಗಳು ಹೊರಗಿನ ಬೆಂಚಿನ ಮೇಲಿದ್ದರು. ಉಪ್ಪು ಹಾಕಿದ ಬಿಸಿನೀರಿನ ಲೋಟ ಹಿಡಿದು ಹೊತ್ತುಹೊತ್ತಿಗೆ ಬಂದು ನಿಲ್ಲುತ್ತಿದ್ದರು. "ಮುಕ್ಕಳಿಸು" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಉಗುಳುವ ಬಟ್ಟಲನ್ನೂ ತಾವೇ ಹಿಡಿಯುತ್ತಿದ್ದರು. ಸೀತಾಪತಿ ಬೇಡ ಬೇಡ ಅಂದರೂ ಕೇಳಲಿಲ್ಲ.

ಹೊರಡುವ ದಿನ ಡಾಕ್ಟರಮ್ಮ ಕೈಗೆ ಒಂದು ಬ್ರಷ್ಷು ಕೊಟ್ಟಳು.

"ಬೆಳಿಗ್ಗೆ ಒಂದ್ಸಲ, ರಾತ್ರಿ ಉಂಡಮೇಲೆ ಒಂದ್ಸಲ. ರಾತ್ರೀದು ತಪ್ಪಿಸಬೇಡಿ. ಏಕಾದಶಿ, ದ್ವಾದಶಿ ಅಂತ ನನಗೆ ಕಥೆ ಹೇಳಬೇಡಿ."

ಆಶ್ರಮಕ್ಕೆ ಮರಳಿದರು. ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ದಂಡೆಯಲ್ಲಿ ನಾಲ್ಕಾರು ಜನ ನಿಂತಿದ್ದರು. ಕೆಲವರು ಕೈಮುಗಿದರು. ಕೆಲವರು ಮುಗಿಯಲಿಲ್ಲ. "ಇಷ್ಟು ವರ್ಷದ್ದು ಒಂದು ಹಲ್ಲುನೋವಿಗೆ ಹೋಯ್ತಲ್ಲ," ಅಂದ ಒಬ್ಬ, ಕೇಳಿಸುವ ಹಾಗೆಯೇ. ಗುರುಗಳು ಅವನನ್ನು ನೋಡಿ ನಕ್ಕು ಹಟ್ಟಿಯ ಕಡೆ ನಡೆದರು. ನಾಲ್ಕು ದಿನ ಅವರನ್ನು ಕಾಣದ ಹಸು ಅಂಬಾ ಅನ್ನುತ್ತಿತ್ತು.

ಸೀತಾಪತಿಗೆ ಆ ಮಾತು ಎದೆಗೆ ನಾಟಿತು.

ಹುಣ್ಣಿಮೆಯ ಬೆಳಿಗ್ಗೆ ಅವನು ಗುಡಿಗೆ ಹೋಗಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ತನ್ನ ಬಟ್ಟೆಯ ಗಂಟು ಇಟ್ಟುಕೊಂಡು ಕೂತಿದ್ದ. ಗುರುಗಳು ಬಂದು ಪಕ್ಕದಲ್ಲಿ ಕೂತರು.

"ಗಂಟು ಯಾಕೆ?"

"ಹೊರಟೆ ಸ್ವಾಮಿ. ನನ್ನ ವ್ರತ ಮುಗೀಲಿಲ್ಲ. ನನಗೆ ದೀಕ್ಷೆಯ ಯೋಗ್ಯತೆ ಇಲ್ಲ."

"ವ್ರತ ಮಾಡು ಅಂತ ನಾನು ಹೇಳಿದ್ದೆನಾ?"

"ಇಲ್ಲ."

"ಹುಣ್ಣಿಮೆಗೆ ಕೊಡ್ತೀನಿ ಅಂತ ಹೇಳಿದ್ದೆನಾ?"

"ಹೇಳಿದ್ದಿರಿ."

"ಇವತ್ತು ಏನು?"

ಪಂಚಾಂಗ ನೋಡಬೇಕಾಗಿರಲಿಲ್ಲ. ಸೀತಾಪತಿ ಗಂಟು ಬಿಚ್ಚಿ ಬ್ರಷ್ಷು ತೆಗೆದ. ನೀರಿಗಿಳಿದು ಒಂದೊಂದು ಹಲ್ಲನ್ನೂ ಮೆಲ್ಲಗೆ ಉಜ್ಜಿದ. ಕಿತ್ತ ಹಲ್ಲಿನ ಜಾಗದಲ್ಲಿ ಇನ್ನೂ ನೋವಿತ್ತು. ಬಾಯಿ ಮುಕ್ಕಳಿಸಿ ಉಗುಳಿ, ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಬಂದು ಗುರುಗಳ ಮುಂದೆ ಬಾಗಿದ.

ಗುರುಗಳು ಅವನ ಕಿವಿಯಲ್ಲಿ ಮಂತ್ರ ಹೇಳಿದರು. ಮೂರು ಸಲ ಹೇಳಿಸಿದರು. ಅಷ್ಟೇ. ಅದಕ್ಕೆ ಹೆಚ್ಚು ಹೊತ್ತೂ ಹಿಡಿಯಲಿಲ್ಲ.

ಸೀತಾಪತಿ ಕಣ್ಣೊರೆಸಿಕೊಂಡ. ಆದರೂ ಏಳಲಿಲ್ಲ.

"ಇನ್ನೇನು?"

"ಸ್ವಾಮಿ, ನನ್ನದು ಹೋದರೆ ಹೋಗಲಿ. ತಮ್ಮ ಇಪ್ಪತ್ತೆರಡು ವರ್ಷ ನನ್ನಿಂದ ಹಾಳಾಯಿತು. ಅದಕ್ಕೆ ಏನು ಪ್ರಾಯಶ್ಚಿತ್ತ ಹೇಳಿ. ನೂರೆಂಟು ದಿನ ಬೇಕಾದರೂ..."

"ಮತ್ತೆ ಉಪವಾಸವಾ? ಆ ಡಾಕ್ಟರಮ್ಮ ಈ ಸಲ ನನ್ನ ಹಲ್ಲು ಕೀಳ್ತಾಳೆ."

ಸೀತಾಪತಿ ನಗಲಿಲ್ಲ. ಗುರುಗಳೂ ನಗು ನಿಲ್ಲಿಸಿದರು. ಆಚೆ ದಡದ ಕಡೆ ನೋಡಿದರು.

"ಹನ್ನೊಂದು ವರ್ಷದ ಹಿಂದೆ ನನ್ನ ತಮ್ಮ ಆ ದಡದ ಊರಲ್ಲೇ ಸಾಯ್ತಾ ಇದ್ದ. ಅಣ್ಣನ್ನ ಒಂದ್ಸಲ ನೋಡ್ಬೇಕು ಅಂತ ಮೂರು ಸಲ ಹೇಳಿ ಕಳಿಸಿದ. ದೋಣಿ ಇಲ್ಲೇ ಕಾಯ್ತಾ ನಿಂತಿತ್ತು. ನಾನು ಹೋಗಲಿಲ್ಲ. ಎಂಥ ನಿಷ್ಠೆ ಅಂತ ಊರೆಲ್ಲ ಕೈಮುಗೀತು."

"ಸ್ವಾಮಿ..."

"ಅವರವರ ಬಾಯಿ ವಾಸನೆ ಅವರವರಿಗೆ ಗೊತ್ತಾಗಲ್ಲಪ್ಪ ಸೀತಾಪತಿ. ನನಗೂ ಹನ್ನೊಂದು ವರ್ಷ ಗೊತ್ತಾಗಲಿಲ್ಲ."