ಗುರುವಾರದ ಸರದಿ

“ಗುರುಗಳೇ, ಮಗನನ್ನು ಕಳೆದುಕೊಂಡವರ ಮನೆಗೆ ಹೋದಾಗ ಏನು ಹೇಳಬೇಕು?” ಎಂದು ಶಿಷ್ಯ ಕೇಳಿದ. ಹಿಂದಿನ ದಿನ ಅವನು ಅಂಥದೊಂದು ಮನೆಯ ಬಾಗಿಲವರೆಗೆ ಹೋಗಿ, ಬಾಯಿಂದ ಮಾತು ಹೊರಡದೆ, ಹಾಗೆಯೇ ಹಿಂದಿರುಗಿದ್ದ. ಅದು ಅವನ ಮನಸ್ಸನ್ನು ಕೊರೆಯುತ್ತಿತ್ತು.

ಗುರುಗಳು ಈ ಕತೆ ಹೇಳಿದರು.

ಸ್ವಿಟ್ಜರ್ಲೆಂಡಿನ ಬೆಟ್ಟಗಳ ನಡುವೆ ಮೂವತ್ತು ಮನೆಗಳ ಒಂದು ಹಳ್ಳಿಯಿತ್ತು. ಸುತ್ತಲೂ ಮಂಜಿನ ಶಿಖರಗಳು; ಆದರೂ ಆ ಕಣಿವೆಗೆ ಮಳೆ ಅಪರೂಪ. ಮೋಡಗಳೆಲ್ಲ ಬೆಟ್ಟದ ಆಚೆಯೇ ಸುರಿದು ಬರಿದಾಗುತ್ತಿದ್ದವು. ಊರಿನವರಿಗೆ ಹಸುಗಳೇ ಜೀವನ. ಹಸುಗಳಿಗೆ ಉದ್ದದ ಚಳಿಗಾಲ ಕಳೆಯಲು ಒಣಹುಲ್ಲು ಬೇಕು. ಹುಲ್ಲು ಬೆಳೆಯಲು ನೀರು ಬೇಕು. ಅದಕ್ಕಾಗಿ ಐನೂರು ವರ್ಷಗಳ ಹಿಂದೆ ಊರಿನ ಹಿರಿಯರು ಮೇಲಿನ ಹಿಮನದಿಯಿಂದ ಒಂದು ಕಾಲುವೆ ತಂದರು. ಮಣ್ಣು ಸಿಕ್ಕ ಕಡೆ ಅಗೆದರು. ಕಡಿದಾದ ಬಂಡೆ ಎದುರಾದ ಕಡೆ ಬಂಡೆಗೆ ತೊಲೆಗಳನ್ನು ಹೊಡೆದು, ಅವುಗಳ ಮೇಲೆ ಹಲಗೆಯ ಕಾಲುವೆ ಕೂರಿಸಿದರು. ಆ ಕೆಲಸದಲ್ಲಿ ಎಷ್ಟು ಮಂದಿ ಕಮರಿಗೆ ಬಿದ್ದರೋ. ಒಬ್ಬೊಬ್ಬ ಬಿದ್ದಾಗಲೂ ಉಳಿದವರು ಅಲ್ಲಿಯ ಬಂಡೆಯ ಮೇಲೊಂದು ಶಿಲುಬೆ ಕೊರೆದು ಮುಂದಕ್ಕೆ ಸಾಗಿದರು.

ನೀರು ಊರಿಗೆಲ್ಲ ಸೇರಿದ್ದು. ವಾರದಲ್ಲಿ ಯಾವ ಮನೆಗೆ ಯಾವ ಹೊತ್ತು ಎಂಬುದನ್ನು ಊರಿನ ನೀರುಗಂಟಿ ಒಂದು ಮರದ ಕೋಲಿನ ಮೇಲೆ ಗುರುತು ಕೊರೆದು ಇಟ್ಟುಕೊಂಡಿದ್ದ. ಒಬ್ಬನು ತನ್ನ ಸರದಿಯ ನೀರು ಬೇಡವೆಂದರೆ ಅದು ಮುಂದಿನ ಸರದಿಯವನಿಗೆ. ವಸಂತ ಬಂದಾಗ ಪ್ರತಿ ಮನೆಯಿಂದಲೂ ಒಬ್ಬರು ಬಂಡೆಯ ಮೇಲಿನ ಹಲಗೆಗಳನ್ನು ಸರಿಪಡಿಸಲು ಹೋಗಲೇಬೇಕು. ಇಷ್ಟೇ ಕಟ್ಟಳೆ.

ಆ ಊರಿನಲ್ಲಿ ಆಂಬ್ರೋಸ್ ಎಂಬ ರೈತನಿದ್ದ. ಗುರುವಾರ ಬೆಳಗಿನಿಂದ ಮಧ್ಯಾಹ್ನದ ಗಂಟೆಯವರೆಗೆ ಅವನ ಸರದಿ. ಒಂದು ವಸಂತದಲ್ಲಿ ಅವನ ಮೊಣಕಾಲು ಬಾತುಕೊಂಡಿತ್ತು. “ನೀನು ಕೂತಿರಪ್ಪಾ, ನಾನು ಹೋಗಿ ಬರುತ್ತೇನೆ” ಎಂದು ಮಗ ಮೋರಿಟ್ಸ್ ಹೊರಟ. ಇಪ್ಪತ್ತೆರಡು ವರ್ಷದ ಹುಡುಗ. ಹಳೆಯ ತೊಲೆಯೊಂದು ಮುರಿಯಿತು. ಅವನು ಮರಳಿ ಬರಲಿಲ್ಲ.

ಮಣ್ಣು ಮಾಡಿದ ಮೂರನೆಯ ದಿನ ಕಾಲುವೆಗೆ ನೀರು ಬಿಟ್ಟರು. ಹುಲ್ಲು ಯಾರಿಗಾಗಿಯೂ ಕಾಯುವುದಿಲ್ಲ ಎಂಬುದು ಆಂಬ್ರೋಸನಿಗೂ ಗೊತ್ತಿತ್ತು. ಆದರೆ ನೀರಿನ ಸದ್ದು ಕಿವಿಗೆ ಬಿದ್ದೊಡನೆ ಅವನ ಎದೆ ಕಲ್ಲಾಯಿತು. ಕುಂಟುತ್ತ ಹೋಗಿ, ಆ ನೀರು ಒಳಗೆ ಬಾರದಂತೆ ತನ್ನ ಹೊಲದ ತೂಬಿನ ಹಲಗೆಗೆ ಮೊಳೆ ಹೊಡೆದು ಬಂದ. ಊರಿನವರು ಬಂದರು, ಪಾದ್ರಿಗಳು ಬಂದರು. ದೇವರ ಇಚ್ಛೆ ಎಂದರು. ಅವನು ತಲೆ ತಗ್ಗಿಸಿ ಕೇಳಿ, ಅವರನ್ನು ಕಳುಹಿಸಿ, ಬಾಗಿಲು ಹಾಕಿಕೊಂಡ. ಮೆಲ್ಲಗೆ ಜನ ಬರುವುದು ನಿಂತಿತು.

ಹೊಲ ಒಣಗಿತು. ನಾಲ್ಕು ಹಸುಗಳಲ್ಲಿ ಎರಡು ಹೆಂಡತಿ ಕ್ರೆಸೆನ್ಸಳ ಅಣ್ಣನ ಕೊಟ್ಟಿಗೆ ಸೇರಿದವು. ಉಳಿದ ಎರಡಕ್ಕೆ ಅವಳು ಯಾರ ಕುಡುಗೋಲೂ ತಾಗದ ಇಳಿಜಾರುಗಳಲ್ಲಿ ಹುಲ್ಲು ಕೊಯ್ದು ಬೆನ್ನ ಮೇಲೆ ಹೊತ್ತು ತಂದಳು. ಊರಿಗೆಲ್ಲ ಒಂದೇ ರೊಟ್ಟಿ ಒಲೆ. ಜನ ಸೇರುವ ಅಲ್ಲಿಗೂ ಗಂಡ ಬಾರದೆ ಅವಳೊಬ್ಬಳೇ ಹೋಗುತ್ತಿದ್ದಳು.

ಆಂಬ್ರೋಸನ ಮುಂದಿನ ಸರದಿ ತಿಯೊಡೂಲ್ ಎಂಬ ಮುದುಕನದು. ಮಗನ ಪ್ರಾಣ ತಿಂದ ನೀರು ಈಗ ತಿಯೊಡೂಲನ ಹುಲ್ಲಿಗೆ ಎರಡು ಪಾಲು ಹೋಗುತ್ತಿದೆ ಎಂದು ಆಂಬ್ರೋಸ್ ಎಣಿಸಿದ. “ಊರು ಮೋರಿಟ್ಸನನ್ನು ಮರೆಯಿತು” ಎಂದು ಹೆಂಡತಿಗೆ ಹೇಳಿದ. ಅವಳು ಕುಡುಗೋಲು ತೆಗೆದುಕೊಂಡು ಇಳಿಜಾರಿನ ಕಡೆ ಹೊರಟಳು.

ಹೀಗೆ ಎರಡು ವರ್ಷ ಕಳೆಯಿತು. ಮೂರನೆಯ ಬೇಸಗೆ ಬಹಳ ಬಿರುಸಾಗಿತ್ತು. ಒಂದು ಗುರುವಾರ ಆಂಬ್ರೋಸನ ಆಡು ತಪ್ಪಿಸಿಕೊಂಡಿತು. ಅದನ್ನು ಹುಡುಕುತ್ತ ಅವನು ಕಾಲುವೆಯ ದಾರಿ ಹಿಡಿದ. ಎರಡು ವರ್ಷದಲ್ಲಿ ಅವನು ಅತ್ತ ಕಾಲಿಟ್ಟಿರಲಿಲ್ಲ; ವಸಂತದ ದುರಸ್ತಿಗೂ ಊರು ಅವನನ್ನು ಕರೆದಿರಲಿಲ್ಲ.

ತಿಯೊಡೂಲನ ಹೊಲದ ಬಳಿ ಬಂದವನು ನಿಂತುಬಿಟ್ಟ. ಅಲ್ಲಿಯ ಹುಲ್ಲೂ ಅರ್ಧಕ್ಕರ್ಧ ಕೆಂಪಾಗಿತ್ತು. ಕಾಲುವೆ ತುಂಬಿ ಹರಿಯುತ್ತಿತ್ತು. ಆದರೆ ಆ ಹೊಲದ ತೂಬು ಮುಚ್ಚಿತ್ತು. ನೀರೆಲ್ಲ ಕೊನೆಯವರೆಗೆ ಹರಿದು ಕಮರಿಗೆ ಬೀಳುತ್ತಿತ್ತು. ಕಾಲುವೆಯ ಪಕ್ಕದ ಕಲ್ಲಿನ ಮೇಲೆ ತಿಯೊಡೂಲ್, ಇಗರ್ಜಿಯಲ್ಲಿ ಕುಳಿತವನಂತೆ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

“ಏನು ಮಾಡುತ್ತಿದ್ದೀಯ?” ಎಂದು ಆಂಬ್ರೋಸ್ ಕೇಳಿದ. “ನಿನ್ನ ಹುಲ್ಲು ಸಾಯುತ್ತಿದೆ. ನನ್ನ ಸರದಿಯ ನೀರು ನಿನಗೆ ಸೇರಬೇಕಾದದ್ದು. ತಿರುಗಿಸಿಕೊಳ್ಳಬಾರದೇ?”

“ಅದು ಮೋರಿಟ್ಸನ ನೀರು,” ಎಂದ ಮುದುಕ. “ಅದನ್ನು ನಾನು ಹೇಗೆ ತಿರುಗಿಸಿಕೊಳ್ಳಲಿ?”

“ಎಷ್ಟು ದಿನದಿಂದ ಹೀಗೆ?”

“ಅವನು ಹೋದಾಗಿನಿಂದ. ನಾನು ಒಲ್ಲೆ ಎಂದ ಮೇಲೆ, ಈ ಹೊತ್ತಿನ ನೀರು ಯಾರಿಗಾದರೂ ಬೇಕೇ ಎಂದು ನೀರುಗಂಟಿ ಸಭೆಯಲ್ಲಿ ಕೇಳಿದ. ಯಾರೂ ಕೈ ಎತ್ತಲಿಲ್ಲ. ಈ ವರ್ಷವೂ ಕೇಳಿದ. ಈ ಬಿಸಿಲಿನಲ್ಲೂ ಒಬ್ಬರೂ ಎತ್ತಲಿಲ್ಲ.”

“ನನಗೇಕೆ ಹೇಳಲಿಲ್ಲ?”

“ಹೇಗೆ ಹೇಳುವುದಪ್ಪಾ? ಅಂದು ನಿನ್ನ ಮನೆಗೆ ಬಂದಾಗ ನಮ್ಮ ಮಾತು ನಮಗೇ ಸುಳ್ಳಾಗಿ ಕೇಳಿಸಿತು.”

ಆಂಬ್ರೋಸ್ ಅದೇ ಕಲ್ಲಿನ ಮೇಲೆ ಕುಳಿತ. ಮಣ್ಣು ಮಾಡಿದ ದಿನ ಬಾರದ ಅಳು ಈಗ ಬಂತು. ಕೆಳಗೆ ಇಗರ್ಜಿಯಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿತು. ಈಗ ತಿಯೊಡೂಲನ ಸ್ವಂತ ಸರದಿ. ಆದರೂ ಮುದುಕ ಏಳಲಿಲ್ಲ, ತೂಬು ಮುಟ್ಟಲಿಲ್ಲ. ಪಕ್ಕದಲ್ಲಿ ಕುಳಿತೇ ಇದ್ದ. ಅವನ ಪಾಲಿನ ನೀರೂ ಬಹಳ ಹೊತ್ತು ಕಮರಿಗೆ ಹರಿಯಿತು.

ಮುಂದಿನ ಗುರುವಾರ ಆಂಬ್ರೋಸ್ ಹೆಂಡತಿಯನ್ನು ಕರೆದುಕೊಂಡು ಹೊಲಕ್ಕೆ ಹೋದ. ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಕಿತ್ತ. ಹಲಗೆಯನ್ನು ಕ್ರೆಸೆನ್ಸ್ ಎತ್ತಿದಳು. ಅರ್ಧ ನೀರನ್ನು ತಮ್ಮ ಹೊಲಕ್ಕೆ ಬಿಟ್ಟುಕೊಂಡು, ಅರ್ಧವನ್ನು ತಿಯೊಡೂಲನ ಹೊಲಕ್ಕೆ ಹೋಗಗೊಟ್ಟರು. ನೆಲ ಎಷ್ಟು ಬಾಯಾರಿತ್ತೆಂದರೆ ಮೊದಲ ನೀರು ಹತ್ತು ಹೆಜ್ಜೆ ಕೂಡ ಮುಂದೆ ಹೋಗಲಿಲ್ಲ. ಇಬ್ಬರೂ ಅದನ್ನು ನೋಡುತ್ತ ನಿಂತರು.

ಮರುವರ್ಷದ ವಸಂತದಲ್ಲಿ ಆಂಬ್ರೋಸ್ ಉಳಿದವರ ಜೊತೆ ಬಂಡೆಗೆ ಹೋದ. ಹೊಸ ಶಿಲುಬೆ ಕೊರೆದಿದ್ದ ಜಾಗದ ಹಲಗೆಗಳನ್ನು ತನಗೇ ಬಿಡಿ ಎಂದು ಕೇಳಿದ. ಬಿಟ್ಟರು. ಅವನು ಬಹಳ ನಿಧಾನವಾಗಿ ಕೆಲಸ ಮಾಡಿದ. ಅವನ ಕೆಲಸ ಮುಗಿಯುವವರೆಗೆ ಯಾರೂ ಬೆಟ್ಟ ಇಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅವನ ದುಃಖ ಹೋಯಿತೇ, ಗುರುಗಳೇ?” ಎಂದ ಶಿಷ್ಯ.

“ಅದಕ್ಕೆ ಹೋಗು ಎಂದು ಆ ಊರಿನಲ್ಲಿ ಯಾರೂ ಹೇಳಲಿಲ್ಲ” ಎಂದರು ಗುರುಗಳು.

ಶಿಷ್ಯ ಎದ್ದು, ಹಿಂದಿನ ದಿನ ಬಾಗಿಲಿನಿಂದಲೇ ಹಿಂದಿರುಗಿದ್ದ ಮನೆಯ ದಾರಿ ಹಿಡಿದ.